ಕನ್ನಡಿಯ ಅಂಚಿಗೆ ಐದು ಕೆಂಪು ಸ್ಟಿಕ್ಕರ್

ಹೋದ ತಿಂಗಳು ನನ್ನ ಬಲಗಣ್ಣಿನ ಪೊರೆ ತೆಗೆಸಲು ನಿಮ್ಮ ಅಮ್ಮ ನನ್ನನ್ನು ಕುಶಾಲನಗರದ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳಲ್ಲ, ಆವತ್ತು ನಾನು ನಕ್ಕಿದ್ದು ಯಾಕೆ ಎಂದು ನೀವು ಮೊಮ್ಮಕ್ಕಳು ಮೂವರೂ ಮನೆಗೆ ಬಂದ ಮೇಲೂ ಕೇಳುತ್ತಲೇ ಇದ್ದಿರಿ. ಒಬ್ಬಳು ಹುಡುಗಿ ನನ್ನ ಕೈಗೆ ಪಟ್ಟಿ ಕಟ್ಟಿ, "ಅಜ್ಜಿ, ನಿಮ್ಮ ಹೆಸರು ಹೇಳಿ. ಯಾವ ಕಣ್ಣಿಗೆ ಆಪರೇಷನ್?" ಎಂದು ಕೇಳಿದಳು. ಹೇಳಿದೆ. ಸ್ವಲ್ಪ ಹೊತ್ತಿಗೆ ಇನ್ನೊಬ್ಬಳು ಬಂದು ಅದನ್ನೇ ಕೇಳಿದಳು. ಒಳಗೆ ಮಲಗಿಸಿದ ಮೇಲೆ ಡಾಕ್ಟರು ಕೂಡ ಅದನ್ನೇ ಕೇಳಿದರು. ಆಗ ನನಗೆ ನಗು ತಡೆಯಲಾಗಲಿಲ್ಲ. "ಯಾಕಜ್ಜಿ, ಭಯ ಆಗಲ್ವಾ?" ಎಂದರು ಅವರು. "ಏನಿಲ್ಲ ಸಾರ್" ಎಂದು ಕಣ್ಣು ಮುಚ್ಚಿಕೊಂಡೆ.

ನನ್ನ ಸ್ವಭಾವ ನಿಮಗೆ ಗೊತ್ತು. ಮೂರು ಜನ ನನ್ನ ಮುಖ ನೋಡುತ್ತಾ ಕೂತರೆ ನನಗೆ ಮಾತು ಬಾರದು. ಬರೆಯುವಾಗ ಯಾರೂ ನೋಡುವುದಿಲ್ಲ. ಏಳನೇ ಕ್ಲಾಸಿನವರೆಗೆ ಓದಿದ ಕೈ ಇದು, ಅಕ್ಷರ ದುಂಡಗಿದೆ ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಈಗ ಕಣ್ಣೂ ಸರಿಯಾಗಿದೆ. ಆದ್ದರಿಂದ ಬರೆಯುತ್ತಿದ್ದೇನೆ.

ಅದೇ ಆಸ್ಪತ್ರೆಯಲ್ಲಿ ನಾನು ಹದಿನೆಂಟು ವರ್ಷ ಆಯಾ ಆಗಿ ಕೆಲಸ ಮಾಡಿದೆ. ಈಗಿನ ಕಟ್ಟಡ ಆಗ ಇರಲಿಲ್ಲ. ಹೆಂಚಿನ ಒಂದು ಉದ್ದ ಮನೆ, ಮುಂದೆ ಸಿಮೆಂಟಿನ ಜಗುಲಿ, ಹಿಂದೆ ಬಟ್ಟೆ ಒಣಗಿಸಲು ತಂತಿ. ಆಪರೇಷನ್ನಿನ ಹಸಿರು ಬಟ್ಟೆಗಳನ್ನು ಕುದಿಸಿ, ಹಿಂಡಿ, ಆ ತಂತಿಗೆ ಹಾಕುವುದು ನನ್ನ ಮೊದಲ ಕೆಲಸ. ಕಾವೇರಿಯ ಕಡೆಯಿಂದ ಗಾಳಿ ಬಂದರೆ ಅವೆಲ್ಲ ಒಟ್ಟಿಗೆ ಎದ್ದು ಪಟಪಟ ಅನ್ನುತ್ತಿದ್ದವು. ಸ್ಪಿರಿಟ್ಟಿನ ವಾಸನೆ, ಕುದಿಯುವ ಬಟ್ಟೆಯ ವಾಸನೆ, ಹತ್ತು ಗಂಟೆಗೆ ಎಲ್ಲರಿಗೂ ಬರುವ ಬೆಲ್ಲದ ಕಾಫಿಯ ವಾಸನೆ, ಈ ಮೂರೂ ಸೇರಿದರೆ ನನಗೆ ಈಗಲೂ ಬುಧವಾರ ಎನ್ನಿಸುತ್ತದೆ. ಬುಧವಾರ ನಮ್ಮಲ್ಲಿ ಆಪರೇಷನ್ನಿನ ದಿನ. ಮೈಸೂರಿನಿಂದ ಡಾಕ್ಟರು ಬರುತ್ತಿದ್ದುದು ವಾರದಲ್ಲಿ ಎರಡು ದಿನ: ಮಂಗಳವಾರ ಮಧ್ಯಾಹ್ನ ಬಂದು ಎಲ್ಲರ ಕಣ್ಣು ನೋಡಿ, ಬುಧವಾರ ಆಪರೇಷನ್ ಮಾಡಿ, ಮೂರು ಗಂಟೆಗೆ ಹೊರಟುಬಿಡುತ್ತಿದ್ದರು.

ನಿಮ್ಮ ತಾತ ಹೋದಾಗ ನಿಮ್ಮ ಅಮ್ಮನಿಗೆ ಒಂಬತ್ತು ವರ್ಷ. ನಾವು ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತವರು, ಶುಂಠಿ, ಭತ್ತ ಬಿಟ್ಟರೆ ಬೇರೆ ಗೊತ್ತಿಲ್ಲ. ಮನೆಯಲ್ಲಿ ಉಳಿದದ್ದು ಮೂರು ಹೆಂಗಸರು: ನಾನು, ನಿಮ್ಮ ಅಮ್ಮ, ನನ್ನ ಅತ್ತೆ. ನಿಮ್ಮ ಮುತ್ತಜ್ಜಿಯನ್ನು ನೀವು ನೋಡಿಲ್ಲ. ಮಾತು ಖಾರ, ಕೆಲಸ ಅದಕ್ಕಿಂತ ಖಾರ. ನಾನು ಆಸ್ಪತ್ರೆಗೆ ಹೊರಟ ದಿನ ಅವರು ಅಂದದ್ದು ಇಷ್ಟೇ: "ಮಾತಾಡಕ್ಕೇ ಬರಲ್ಲ ನಿಂಗೆ, ನೀನ್ ರೋಗಿಗಳ್ನ ಏನ್ ಮಾತಾಡಿಸೀಯ?"

ಅದು ನಿಜವೇ. ಆದರೆ ಆಯಾ ಕೆಲಸಕ್ಕೆ ಹೆಚ್ಚು ಮಾತು ಬೇಕಿರಲಿಲ್ಲ. ಆಪರೇಷನ್ನಿಗೆ ಮೊದಲು ರೋಗಿಗಳ ಕಣ್ಣಿನ ಪಾಪೆ ಅಗಲವಾಗಲು ಕಾಲು ಗಂಟೆಗೊಮ್ಮೆ ಹನಿ ಹಾಕಬೇಕು. ಅವರು ಜಗುಲಿಯ ಬೆಂಚಿನಲ್ಲಿ ಸಾಲಾಗಿ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ನಾನು ಬಾಟಲಿ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಬೇಕು. ಅದಕ್ಕೆ ಬೇಕಾದ ಮಾತು ಒಂದೇ, "ಮೇಲೆ ನೋಡಿ." ಆ ಒಂದು ಮಾತನ್ನು ಮಾತ್ರ ನಾನು ಐದು ಭಾಷೆಯಲ್ಲಿ ಕಲಿತೆ. ಎಸ್ಟೇಟಿನ ಲೈನು, ಅಂದರೆ ಕೂಲಿಯವರ ಸಾಲುಮನೆಗಳ ತಮಿಳು ಹೆಂಗಸರಿಗೆ "ಮೇಲ ಪಾರುಂಗ", ಮಲಯಾಳ ಮಾತಾಡುವ ಮಾಪಿಳ್ಳೆ ಮುಸ್ಲಿಮರಿಗೆ "ಮೇಲೋಟ್ಟ್ ನೋಕ್ಕ್", ಪೇಟೆಯ ಸಾಬರ ಮನೆಯವರಿಗೆ "ಉಪ್ಪರ್ ದೇಖೋ", ತುಳುವಿನವರಿಗೆ "ಮಿತ್ತ್ ತೂಲೆ". ಕೊಡವರಿಗೆ ಅವರ ಮಾತು ಕೊಡವ ತಕ್ಕಿನಲ್ಲಿ ಹೇಳಲು ಹೋದರೆ ಮಾತ್ರ ಅವರು ನಕ್ಕು, "ಬೇಡ ಮಾರಾಯ್ತಿ, ಕನ್ನಡದಲ್ಲೇ ಹೇಳು" ಅನ್ನುತ್ತಿದ್ದರು.

ನಮ್ಮ ಕೆಲಸದವರೂ ಹಾಗೇ, ಒಬ್ಬೊಬ್ಬರದು ಒಂದೊಂದು ಮಾತು. ಚೀಟಿ ಕೊಡುವ ಕೌಂಟರಿನಲ್ಲಿ ಕೊಡವರ ಅಕ್ಕ ಒಬ್ಬರು. ಹಳ್ಳಿಗಳಿಂದ, ಎಸ್ಟೇಟುಗಳಿಂದ ರೋಗಿಗಳನ್ನು ಜೀಪಿನಲ್ಲಿ ಕರೆತರುವ ಡ್ರೈವರ್ ಉರ್ದು ಮಾತಾಡುವವರು, ನಾವು ಅವರನ್ನು ಭಾಯಿ ಅನ್ನುತ್ತಿದ್ದೆವು. ಸೋಮವಾರಪೇಟೆಯಿಂದ ದುಬಾರೆಯವರೆಗೆ ಯಾವ ಲೈನಿನಲ್ಲಿ ಯಾರಿಗೆ ಪೊರೆ ಬಂದಿದೆ ಎಂಬುದು ಅವರಿಗೆ ಗೊತ್ತಿತ್ತು. ಆಮೇಲೆ ನಮ್ಮ ನರ್ಸ್, ಸಿಸ್ಟರ್. ಮಂಗಳೂರು ಕಡೆಯ ಕ್ರಿಶ್ಚಿಯನ್ ಹುಡುಗಿ, ಆಗ ಅವಳಿಗೆ ಇಪ್ಪತ್ತೈದೂ ಆಗಿರಲಿಲ್ಲ. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಕೆಲಸ ಕಲಿತು ಬಂದಿದ್ದಳು. ಅವಳು ಬಂದ ಮೇಲೆ ನಮ್ಮಲ್ಲಿ ಒಂದೊಂದೇ ಹೊಸದು ಶುರುವಾಯಿತು. ಬಟ್ಟೆಗಳನ್ನು ಮಡಿಸುವ ಕ್ರಮ ಬದಲಾಯಿತು, ಹನಿ ಹಾಕಿದ ಹೊತ್ತು ಬರೆಯಲು ಗೋಡೆಗೆ ಹಲಗೆ ಬಂತು. ಅವಳು ಹೇಳಿದ್ದು ಸರಿಯಾಗಿಯೇ ಇರುತ್ತಿತ್ತು. ಹಾಗಾಗಿ ನಾವು ಅವಳು ಏನು ಹೇಳಿದರೂ ತಲೆ ಆಡಿಸುತ್ತಿದ್ದೆವು.

ಯಾವ ಕಣ್ಣಿಗೆ ಆಪರೇಷನ್ ಎಂದು ತಿಳಿಯಲು ಮೊದಲು ನಾವು ಆ ಕಣ್ಣಿನ ಹುಬ್ಬಿನ ಮೇಲೆ ಇಂಕ್ ಪೆನ್ನಿನಲ್ಲಿ ಗೀಟು ಎಳೆಯುತ್ತಿದ್ದೆವು. ಮಂಗಳವಾರ ಎಳೆದದ್ದು ಬುಧವಾರದ ಹೊತ್ತಿಗೆ ಬೆವರಿಗೋ ಎಣ್ಣೆಗೋ ಮಾಸಿಹೋಗುತ್ತಿತ್ತು. ಒಂದು ದಿನ ಸಿಸ್ಟರ್ ಒಂದು ಹಾಳೆ ತುಂಬ ದುಂಡು ಸ್ಟಿಕ್ಕರ್ ತಂದಳು. ಅಂಗಡಿಯಲ್ಲಿ ಸಾಮಾನಿಗೆ ಬೆಲೆ ಅಂಟಿಸುತ್ತಾರಲ್ಲ, ಅಂಥದ್ದು. ಕೆಂಪು ಬಣ್ಣ, ಬೆರಳ ತುದಿಯಷ್ಟು ಅಗಲ.

"ಇದು ನೋಡಿ, ಎಷ್ಟು ಚಂದ ಉಂಟು" ಎಂದಳು. "ಅಳಿಸುದಿಲ್ಲ, ಜಾರುದಿಲ್ಲ. ಯಾವ ಕಣ್ಣಿಗೆ ಆಪರೇಷನೋ ಆ ಹುಬ್ಬಿನ ಮೇಲೆ ಅಂಟಿಸುದು. ದೂರದಿಂದಲೇ ಗೊತ್ತಾಗ್ತದೆ."

ಡಾಕ್ಟರು ಒಳ್ಳೆಯದು ಎಂದರು. ಕೌಂಟರಿನ ಅಕ್ಕ ಹಾಳೆಯನ್ನು ತಿರುಗಿಸಿ ನೋಡಿ, ಏನೋ ಹೇಳಲು ಬಾಯಿ ತೆರೆದು, ಫೋನು ಬಂತೆಂದು ಎದ್ದುಹೋದರು. ಭಾಯಿ ಒಮ್ಮೆ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಆ ಕೆಂಪು ಸ್ಟಿಕ್ಕರ್ ನೋಡಿದ ಕ್ಷಣವೇ ನನಗೆ ಅನ್ನಿಸಿದ್ದು ಒಂದೇ: ನಾನು ಹಣೆಗೆ ಕೆಂಪು ಇಡುವುದನ್ನು ಬಿಟ್ಟು ಆಗ ಮೂರು ವರ್ಷವಾಗಿತ್ತು. ಆದರೆ ಅದನ್ನು ಡಾಕ್ಟರ ಎದುರು, ಅಷ್ಟು ಜನರ ನಡುವೆ ಹೇಗೆ ಹೇಳುವುದು? ಓದಿದವರು ಹೇಳುತ್ತಿದ್ದಾರೆ, ಇದು ಬರೀ ಸ್ಟಿಕ್ಕರ್ ತಾನೇ ಎಂದುಕೊಂಡು ಸುಮ್ಮನಿದ್ದೆ. ಮುಂದಿನ ಮಂಗಳವಾರದಿಂದ ಅಂಟಿಸುವ ಕೆಲಸ ನನ್ನದು ಎಂದಾಯಿತು.

ಆ ಮುಂದಿನ ಮಂಗಳವಾರವೇ ನನ್ನ ಅತ್ತೆಯ ಸರದಿ.

ಅವರಿಗೆ ಎರಡು ಕಣ್ಣಿಗೂ ಪೊರೆ ಬಂದಿತ್ತು, ಎಡಗಣ್ಣು ಹೆಚ್ಚು. ಬೀಜದ ಶುಂಠಿಯನ್ನು ಮೊಳಕೆ ನೋಡಿ ಮುರಿದು ಹಾಕುವುದರಲ್ಲಿ ಅವರನ್ನು ಮೀರಿಸಿದವರು ನಮ್ಮ ಸುತ್ತಿನಲ್ಲಿ ಇರಲಿಲ್ಲ. ಆ ವರ್ಷ ಅವರು ಬೆರಳಿನಲ್ಲಿ ತಡಕಿ ತಡಕಿ ಮುರಿಯುತ್ತಿದ್ದರು. ಮೊಳಕೆಯೇ ಇಲ್ಲದ ತುಂಡುಗಳು ಬೀಜದ ರಾಶಿಗೆ ಬೀಳುತ್ತಿದ್ದವು. ನಾನು ಅವರು ಮಲಗಿದ ಮೇಲೆ ಅವನ್ನು ಆರಿಸಿ ತೆಗೆಯುತ್ತಿದ್ದೆ. ಒಂದು ದಿನ ಅದು ಅವರಿಗೆ ತಿಳಿದುಹೋಯಿತು. ಬೈಯಲಿಲ್ಲ. ಎರಡು ದಿನ ಊಟ ಮಾಡುವಾಗ ಮಾತಾಡಲಿಲ್ಲ. ಅದಕ್ಕೆ ಮೊದಲು ನಾನು ನಾಲ್ಕು ಸಲ ಆಪರೇಷನ್ ಮಾತು ಎತ್ತಿದ್ದೆ, ನಾಲ್ಕು ಸಲವೂ ಹೊರಗೆ ಎದ್ದುಹೋಗಿದ್ದರು. ಮೂರನೇ ದಿನ ತಾವಾಗಿಯೇ ಕೇಳಿದರು:

"ಎಷ್ಟೊತ್ತು ಹಿಡೀತದೆ ಅದು?"

"ಅರ್ಧ ಗಂಟೆನೂ ಬ್ಯಾಡ ಅತ್ತೆ. ಒಂದ್ ರಾತ್ರಿ ಮುಂಚೆ ಹೋಗಿರ್ಬೇಕು, ಅಷ್ಟೇ."

"ಒಂದ್ ಸಲ ಬತ್ತೀನಿ. ಆಯ್ತು ಅಂದ್ರೆ ಆಯ್ತು. ಆಗ್ಲಿಲ್ಲ ಅಂದ್ರೆ ಇನ್ನೊಂದ್ ಸಲ ನನ್ನ ಕರೀಬ್ಯಾಡ. ಸಂತೆಗ್ ಹೊಡ್ಕೊಂಡ್ ಹೋಗಿ ಮಾರ್ದೆ ವಾಪಸ್ ತರಾಕೆ ನಾನೇನ್ ಎಮ್ಮೆ ಅಲ್ಲ."

ಅತ್ತೆ ಒಂದು ಮಾತು ಹೇಳಿದರೆ ಅದನ್ನು ಹಿಂದೆ ತೆಗೆದುಕೊಂಡದ್ದನ್ನು ನಾನು ನೋಡಿರಲಿಲ್ಲ. ಪೊರೆ ಹೆಚ್ಚು ಬಲಿತರೆ ಆಪರೇಷನ್ ಕಷ್ಟ ಎಂದು ಡಾಕ್ಟರು ಹೇಳುವುದನ್ನು ದಿನಾ ಕೇಳುತ್ತಿದ್ದವಳು ನಾನು. ಹಾಗಾಗಿ ಇದೊಂದೇ ಸಲ, ಆಗಲೇಬೇಕು ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಅವರನ್ನು ಭಾಯಿಯ ಜೀಪಿನಲ್ಲಿ ಕರೆದುಕೊಂಡು ಹೋದೆ.

ಆ ಮಂಗಳವಾರ ಹದಿನಾಲ್ಕು ಜನ ಸೇರಿದ್ದರು. ಐದು ಗಂಡಸರು, ಒಂಬತ್ತು ಹೆಂಗಸರು. ಡಾಕ್ಟರು ಒಬ್ಬೊಬ್ಬರನ್ನೇ ನೋಡಿ ಶೀಟಿನಲ್ಲಿ ಬರೆದರು. ಸಿಸ್ಟರ್ ಲೆನ್ಸಿನ ಅಳತೆ ತೆಗೆದಳು. ಸಂಜೆ ನಾನು ಶೀಟುಗಳನ್ನೂ ಸ್ಟಿಕ್ಕರ್ ಹಾಳೆಯನ್ನೂ ಹಿಡಿದು ಹೆಂಗಸರ ವಾರ್ಡಿಗೆ ಹೋದೆ. ಶೀಟಿನಲ್ಲಿ ಬಲಕ್ಕೆ ಯಾವ ಇಂಗ್ಲಿಷ್ ಅಕ್ಷರ, ಎಡಕ್ಕೆ ಯಾವುದು ಎಂದು ಸಿಸ್ಟರ್ ಕಲಿಸಿದ್ದಳು. ಅಂಟಿಸುತ್ತಾ ಬಂದೆ. ಸೋಮವಾರಪೇಟೆ ಕಡೆಯ ಒಬ್ಬರು ಮುದುಕಿ, ಗಂಡ ಇಲ್ಲದವರು, ನನ್ನ ಕೈ ಹಣೆಯ ಹತ್ತಿರ ಬಂದಾಗ ತಲೆ ಸ್ವಲ್ಪ ಹಿಂದೆ ಎಳೆದುಕೊಂಡರು. ನನ್ನ ಕೈ ಅಲ್ಲೇ ನಿಂತಿತು. "ಇದು ಆಸ್ಪತ್ರೆದು ಅಜ್ಜಿ, ಗುರುತಿಗೆ" ಎಂದೆ. ಅವರು ಕಣ್ಣು ಮುಚ್ಚಿಕೊಂಡರು. ಕೊನೆಗೆ ಅತ್ತೆಯ ಹತ್ತಿರ ಬಂದೆ. ಅವರಿಗೆ ಬಣ್ಣ ಸರಿಯಾಗಿ ಕಾಣುತ್ತಿರಲಿಲ್ಲ. "ಏನದು?" ಎಂದರು. "ಗುರುತು" ಎಂದೆ. ಯಾವ ಬಣ್ಣದ ಗುರುತು ಎಂದು ಹೇಳಲಿಲ್ಲ. ಎಡ ಹುಬ್ಬಿನ ಮೇಲೆ ಅಂಟಿಸಿ, ನಿಮ್ಮ ಅಮ್ಮ ಪಕ್ಕದ ಮನೆಯಲ್ಲಿ ಕಾಯುತ್ತಿರುತ್ತಾಳೆ ಎಂದು ಹೊರಟುಬಂದೆ.

ನಾನು ಹೋದ ಮೇಲೆ ನಡೆದದ್ದು ಆಮೇಲೆ ತಿಳಿಯಿತು. ಪಕ್ಕದ ಮಂಚದಲ್ಲಿ ಎಸ್ಟೇಟಿನಿಂದ ಬಂದ ತಮಿಳು ಹೆಂಗಸು. ಅತ್ತೆ ಅವಳನ್ನು ಕೇಳಿದರು: "ಏನವ್ವ, ನನ್ ಹಣೆಗೆ ಏನ್ ಮೆತ್ತವ್ಳೆ ನನ್ ಸೊಸೆ?"

ಅವಳು ಹತ್ತಿರ ಬಂದು ನೋಡಿ, "ಸಿವಪ್ಪು ಪೊಟ್ಟು ಪಾಟಿ. ಕೆಂಪು ಬೊಟ್ಟು. ಆದ್ರೆ ಓರದಲ್ಲಿ ಇಟ್ಟವ್ರೆ, ನಡುವಿಲ್ಲ" ಎಂದಳಂತೆ.

"ಕೆಂಪಾ? ನಂಗಾ?" ಎಂದು ಅತ್ತೆ ಅಲ್ಲೇ ಕಿತ್ತರು. ಅವರು ಕಿತ್ತದ್ದು ನೋಡಿ ಸೋಮವಾರಪೇಟೆಯ ಮುದುಕಿಯೂ, ಇನ್ನೊಬ್ಬರು ಗಂಡನಿಲ್ಲದವರೂ ಕಿತ್ತರು. ಮೂಲೆಯಲ್ಲಿ ಕೂತಿದ್ದ ಇಬ್ಬರು ಮಾಪಿಳ್ಳೆ ಹೆಂಗಸರು, "ಞಮ್ಮಳ್ ಪೊಟ್ಟ್ ತೊಡೂಲ, ನಾವು ಬೊಟ್ಟಿಡೋರಲ್ಲ" ಎಂದು ತಮ್ಮದನ್ನೂ ತೆಗೆದರು. ಆದರೆ ಯಾರೂ ಎಸೆಯಲಿಲ್ಲ. ಆಸ್ಪತ್ರೆಯ ಸಾಮಾನು, ನಾಳೆ ಕೇಳಿದರೆ ಕೊಡಬೇಕಲ್ಲ ಎಂದು ಕೈ ತೊಳೆಯುವ ಕಡೆ ಇದ್ದ ಕನ್ನಡಿಯ ಅಂಚಿಗೆ ಅಂಟಿಸಿದರು, ಹೆಂಗಸರು ಸ್ನಾನಕ್ಕೆ ಹೋಗುವಾಗ ಹಣೆಯದನ್ನು ತೆಗೆದು ಅಂಟಿಸುತ್ತಾರಲ್ಲ ಹಾಗೆ. ಇನ್ನು ಉಳಿದ ನಾಲ್ವರು ಮುತ್ತೈದೆಯರು. ಓರೆಯಾಗಿ ಇಟ್ಟ ಬೊಟ್ಟು ಯಾರಿಗೆ ಸಹಿಸುತ್ತದೆ? ನಾಲ್ವರೂ ಅದನ್ನು ಕಿತ್ತು, ಒಬ್ಬರದನ್ನು ಒಬ್ಬರು ನೋಡಿ ಸರಿಮಾಡಿ, ನೆಟ್ಟಗೆ ಹಣೆಯ ನಡುವೆ ಇಟ್ಟುಕೊಂಡು ಮಲಗಿದರು.

ಬುಧವಾರ ಬೆಳಿಗ್ಗೆ ಏಳು ಗಂಟೆಗೆ ನಾನು ಹನಿಯ ಬಾಟಲಿ ಹಿಡಿದು ಜಗುಲಿಗೆ ಬಂದಾಗ ಎಲ್ಲರೂ ಸಾಲಾಗಿ ಕೂತಿದ್ದರು. ಗಂಡಸರ ಸ್ಟಿಕ್ಕರ್ ಇದ್ದಲ್ಲೇ ಇತ್ತು. ಹೆಂಗಸರ ಸಾಲಿನಲ್ಲಿ ನಾಲ್ವರು ತಲೆ ಬಾಚಿ, ನಡುಹಣೆಯಲ್ಲಿ ಕೆಂಪು ಇಟ್ಟು, ಹೂ ಮುಡಿದರೆ ಮುಗಿಯಿತು ಎನ್ನುವ ಹಾಗೆ ಕೂತಿದ್ದಾರೆ. ಐವರ ಹಣೆಯಲ್ಲಿ ಏನೂ ಇಲ್ಲ. ಬಾಟಲಿಯ ಮುಚ್ಚಳವನ್ನು ಮತ್ತೆ ಮುಚ್ಚಿದೆ. ಹನಿ ಯಾವ ಕಣ್ಣಿಗೆ ಹಾಕಲಿ?

ಕೌಂಟರಿನ ಅಕ್ಕ ಚೀಟಿ ಪುಸ್ತಕ ಹಿಡಿದು ಬಂದವರು ನೋಡಿ ನಿಂತರು. "ಎಂಥದು ಇದು? ಆಸ್ಪತ್ರೆಯಾ, ಮದುವೆ ಮನೆಯಾ?"

ಸಿಸ್ಟರ್ ಓಡಿಬಂದಳು. ಮೊದಲು ಅವಳಿಗೆ ಅರ್ಥವೇ ಆಗಲಿಲ್ಲ. ತಮಿಳು ಹೆಂಗಸಿನ ಹತ್ತಿರ ಹೋಗಿ, "ಯಾಕಮ್ಮ ಇದು ಇಲ್ಲಿಗೆ ಬಂತು?" ಎಂದು ಕೇಳಿದಳು. ಅವಳು ಸಮಾಧಾನವಾಗಿ, "ಆಯಮ್ಮ ಗೊತ್ತಿಲ್ದೆ ಓರೆ ಇಟ್ಬಿಟ್ಟಾಂಗ ಸಿಸ್ಟರ್. ಪರವಾಯಿಲ್ಲ, ನಾನೇ ಸರಿ ಮಾಡ್ಕೊಂಡೆ" ಎಂದಳು.

ಅಷ್ಟರಲ್ಲಿ ಡಾಕ್ಟರು ಬಂದರು. ಶೀಟುಗಳನ್ನು ಕೈಗೆತ್ತಿಕೊಂಡು ಸಾಲಿನ ಮೊದಲ ಹೆಂಗಸನ್ನು, "ಯಾವ ಕಣ್ಣಿಗಮ್ಮ ಆಪರೇಷನ್ನು?" ಎಂದು ಕೇಳಿದರು. "ನೀವ್ ಹೇಳಿದ್ ಕಣ್ಣಿಗೆ ಸ್ವಾಮಿ" ಎಂದಳು ಅವಳು. ಎರಡನೆಯವಳು ಎರಡಕ್ಕೂ ಎಂದಳು. ಮೂರನೆಯವಳು ಶೀಟಿನಲ್ಲಿ ಇಲ್ಲದ ಕಣ್ಣು ತೋರಿಸಿದಳು. ಡಾಕ್ಟರು ಶೀಟುಗಳನ್ನು ಮಡಿಸಿ ಹಿಡಿದುಕೊಂಡರು.

"ನೋಡಿ ಸಿಸ್ಟರ್, ಶೀಟಲ್ಲಿ ಒಂದು, ಹಣೆ ಮೇಲೆ ಇನ್ನೊಂದು, ಪೇಷೆಂಟ್ ಬಾಯಲ್ಲಿ ಮತ್ತೊಂದು. ಮೂರೂ ಒಂದೇ ಆಗೋವರೆಗೂ ನಾನು ಬ್ಲೇಡ್ ಮುಟ್ಟೋದಿಲ್ಲ. ಗಂಡಸರದ್ದು ಶುರು ಮಾಡ್ತೀನಿ. ಅದು ಮುಗಿಯೋದ್ರೊಳಗೆ ಸರಿಮಾಡಿ. ಇಲ್ಲಾಂದ್ರೆ ಹೆಂಗಸರನ್ನೆಲ್ಲ ವಾಪಸ್ ಕಳ್ಸಿ."

ವಾಪಸ್ ಎಂಬ ಮಾತು ಕೇಳಿ ಅತ್ತೆ ಕಣ್ಣು ಮುಚ್ಚಿಕೊಂಡೇ ತಲೆ ನನ್ನ ಕಡೆ ತಿರುಗಿಸಿದರು.

ಸಿಸ್ಟರಿನ ಮುಖ ಕೆಂಪಾಗಿತ್ತು. ನನ್ನನ್ನು ಬಟ್ಟೆ ಕುದಿಸುವ ಕೋಣೆಗೆ ಕರೆದಳು. ಭಾಯಿ, ಕೌಂಟರಿನ ಅಕ್ಕ ಹಿಂದೆಯೇ ಬಂದರು. "ನೀವು ಸರಿ ಅಂಟಿಸ್ಲಿಲ್ವಾ ಅಕ್ಕ? ಯಾಕೆ ಎಲ್ಲರೂ ತೆಗೆದ್ರು?"

ಆಗಲೂ ನಾನು ಸುಮ್ಮನಿರಬಹುದಿತ್ತು. ಗೊತ್ತಿಲ್ಲ ಎಂದರೆ ಅವಳು ನಂಬುತ್ತಿದ್ದಳು, ಅದು ನನಗೆ ರೂಢಿಯೂ ಆಗಿತ್ತು. ಆದರೆ ಅತ್ತೆ ತಲೆ ತಿರುಗಿಸಿದ ರೀತಿ ಕಣ್ಣ ಮುಂದೆ ಇತ್ತು. "ನಂಗೆ ಗೊತ್ತಿತ್ತು ಸಿಸ್ಟರ್" ಎಂದೆ. ಉಳಿದದ್ದನ್ನು ಹೇಳುವ ಬದಲು ಬೆರಳಿನಿಂದ ನನ್ನ ಹಣೆ ಮುಟ್ಟಿ ತೋರಿಸಿದೆ.

ಸಿಸ್ಟರ್ ನನ್ನ ಹಣೆ ನೋಡಿದಳು. ಎಂಟು ತಿಂಗಳಿನಿಂದ ದಿನಾ ನೋಡುತ್ತಿದ್ದ ಹಣೆ. ಅವಳ ಬಾಯಿ ಸ್ವಲ್ಪ ತೆರೆದುಕೊಂಡಿತು. "ಅಯ್ಯೋ ದೇವರೇ. ನಂಗೆ ಅದು ಬರೀ ಸ್ಟಿಕ್ಕರ್ ಅಕ್ಕ."

"ನಮ್ಮನೇಲೂ ಇಡಲ್ಲ" ಎಂದರು ಭಾಯಿ. "ಆವತ್ತೇ ಅನ್ನಿಸ್ತು ನಂಗೆ. ಡ್ರೈವರ್ ಯಾಕೆ ಬಾಯಿ ಹಾಕ್ಬೇಕು ಅಂತ ಸುಮ್ನಾದೆ."

"ನಾನು ಹೇಳ್ತಿದ್ದೆ, ಫೋನ್ ಬಂತು" ಎಂದರು ಕೌಂಟರಿನ ಅಕ್ಕ.

"ಫೋನ್ ಇಟ್ಮೇಲೆ ಹೇಳ್ಬಹುದಿತ್ತಲ್ಲ ಅಕ್ಕ?" ಎಂದರು ಭಾಯಿ. ಅಷ್ಟು ಗಾಬರಿಯಲ್ಲೂ ಸಿಸ್ಟರ್ ನಕ್ಕುಬಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ, "ಈಗ ಎಂತ ಮಾಡುದು? ನೀವೇ ಹೇಳಿ" ಎಂದಳು.

ಹಾಗೆ ನನ್ನನ್ನು ಯಾರೂ ಕೇಳಿರಲಿಲ್ಲ. ಮೇಜಿನ ಮೇಲೆ ಪಟ್ಟಿ ಕಟ್ಟುವ ಬಿಳಿ ಪ್ಲಾಸ್ಟರಿನ ಸುರುಳಿ ಇತ್ತು. ಅದನ್ನು ತೋರಿಸಿದೆ. ದುಂಡಗೆ ಬೇಡ, ಉದ್ದಕ್ಕೆ ಕತ್ತರಿಸೋಣ. ಹಣೆಯ ಮೇಲೂ ಬೇಡ, ಕಣ್ಣಿನ ಕೆಳಗೆ ಕೆನ್ನೆಯ ಎಲುಬಿನ ಮೇಲೆ. ಬಿಳಿ ಪ್ಲಾಸ್ಟರ್ ನೋಡಿದರೆ ಯಾವ ಜಾತಿಯವರಿಗೂ ಔಷಧಿ ಎಂದೇ ಅನ್ನಿಸುತ್ತದೆ. ಇಷ್ಟನ್ನು ಹೇಳಲು ನನಗೆ ಎಷ್ಟು ಹೊತ್ತು ಹಿಡಿಯಿತೋ. ಸಿಸ್ಟರ್ ಒಂದು ತುಂಡು ಕತ್ತರಿಸಿ ತನ್ನ ಕೆನ್ನೆಗೆ ಅಂಟಿಸಿಕೊಂಡು, "ಅಕ್ಕ, ನಿಮಗೂ. ಭಾಯಿ, ನಿಮಗೂ" ಎಂದು ನಮ್ಮೆಲ್ಲರಿಗೂ ಅಂಟಿಸಿದಳು. "ಯಾರಿಗಾದ್ರೂ ಬೇಡ ಅನ್ನಿಸ್ತದಾ? ಈಗಲೇ ಹೇಳಿ." ಯಾರಿಗೂ ಬೇಡ ಅನ್ನಿಸಲಿಲ್ಲ. ನಾಲ್ವರೂ ಕೆನ್ನೆಗೆ ಪಟ್ಟಿ ಹಾಕಿಕೊಂಡೇ ಜಗುಲಿಗೆ ಬಂದೆವು.

ಇನ್ನೊಂದು ಕಷ್ಟ ಉಳಿದಿತ್ತು. ಯಾವ ಕಣ್ಣು ಎಂದು ಕೇಳಿದರೆ ಹೆಂಗಸರು ನೀವು ಹೇಳಿದ್ದೇ ಸರಿ ಎನ್ನುತ್ತಿದ್ದರು. ಡಾಕ್ಟರ ಮಾತಿಗೆ ಎದುರು ಹೇಳಿದಂತಾಗುತ್ತದೆ ಎಂಬ ಅಂಜಿಕೆ. ಅದನ್ನು ಬಿಡಿಸಿದ್ದು ಮಾಪಿಳ್ಳೆ ಹೆಂಗಸರಲ್ಲಿ ಹಿರಿಯಾಕೆ. ಭಾಯಿ ಅವರನ್ನು ಮಲಯಾಳದಲ್ಲಿ ಎರಡು ಸಲ ಕೇಳಿದ ಮೇಲೆ, ಆಕೆಗೆ ರೇಗಿ, "ನಿನ್ನೆ ಪೆನ್ಸಿಲ್ ಮುಟ್ಸಿದ ಕಣ್ಣು! ಮತ್ತೆ ಯಾವುದು?" ಎಂದರು. ಲೆನ್ಸಿನ ಅಳತೆ ತೆಗೆಯಲು ಸಿಸ್ಟರ್ ಪೆನ್ಸಿಲಿನಂಥ ಒಂದು ಕಡ್ಡಿಯನ್ನು ಕಣ್ಣಿಗೇ ಮುಟ್ಟಿಸುತ್ತಿದ್ದಳು. ಆಪರೇಷನ್ ಆಗುವ ಕಣ್ಣಿಗೆ ಮಾತ್ರ. ಅದನ್ನು ಯಾರು ಮರೆಯುತ್ತಾರೆ? ನಾವು ಒಬ್ಬೊಬ್ಬರನ್ನೇ ಅವರವರ ಮಾತಿನಲ್ಲಿ, "ನಿನ್ನೆ ಪೆನ್ಸಿಲ್ ಮುಟ್ಟಿಸಿದ್ದು ಯಾವ ಕಣ್ಣಿಗೆ?" ಎಂದು ಕೇಳುತ್ತಾ ಬಂದೆವು. ಒಂಬತ್ತು ಜನವೂ ತಡವರಿಸದೆ ತೋರಿಸಿದರು. ಸಿಸ್ಟರ್ ಶೀಟು ನೋಡಿದಳು. ಒಂಬತ್ತೂ ಸರಿ. ನಾನು ಪ್ಲಾಸ್ಟರ್ ಅಂಟಿಸಿ ಹನಿ ಹಾಕುತ್ತಾ ಹೋದೆ.

ಅತ್ತೆಯ ಹತ್ತಿರ ಬಂದಾಗ, "ಬಿಳೀದು ಅತ್ತೆ. ಪ್ಲಾಸ್ಟರ್" ಎಂದೆ ಮೊದಲೇ.

"ಈಗ ಬಾಯ್ ಬಂತಾ?" ಎಂದರು. ಕೆನ್ನೆ ಮುಂದೆ ಚಾಚಿದರು.

ಡಾಕ್ಟರು ಹೊರಗೆ ಬಂದು, ಎಲ್ಲರ ಕೆನ್ನೆಯನ್ನೂ ಶೀಟನ್ನೂ ನೋಡಿ, ಸಿಸ್ಟರಿನ ಕೆನ್ನೆಯನ್ನೂ ನೋಡಿ, "ನಿಮಗೂ ಎಡಗಣ್ಣಾ?" ಎಂದರು. ಅಷ್ಟೇ. ಒಳಗೆ ಹೋದರು. ಆದರೆ ಪಾಪೆ ಅಗಲವಾಗಲು ಒಂದು ಗಂಟೆ ಬೇಕು, ಹನಿ ತಡವಾಗಿತ್ತು. ಯಾರನ್ನು ಮೊದಲು ಕಳಿಸೋಣ ಎಂದು ಸಿಸ್ಟರ್ ಕೇಳಿದಳು. ದೂರದವರನ್ನು ಎಂದೆ. ಎಸ್ಟೇಟಿನವರಿಗೆ ಇನ್ನೊಂದು ದಿನ ರಜೆ ಸಿಗುವುದಿಲ್ಲ, ಸೋಮವಾರಪೇಟೆಯವರಿಗೆ ಜೊತೆಗೆ ಬರುವವರಿಲ್ಲ. "ನಿಮ್ಮ ಅತ್ತೆ?" ಎಂದಳು. "ಹತ್ತಿರದವರು. ಕೊನೆಗಿರ್ಲಿ" ಎಂದೆ. ನನ್ನ ತಪ್ಪಿನಿಂದ ತಡವಾಗಿರುವಾಗ ನನ್ನ ಮನೆಯವರನ್ನೇ ಮುಂದೆ ದೂಡುವುದು ಹೇಗೆ? ಆ ಮಾತು ಬಾಯಿಂದ ಬಂದ ಕೂಡಲೇ ಗಡಿಯಾರ ನೋಡಿದೆ.

ಆವತ್ತು ನಾನು ಗಡಿಯಾರ ನೋಡಿದಷ್ಟು ಎಂದೂ ನೋಡಿಲ್ಲ. ಒಬ್ಬೊಬ್ಬರೇ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಗೆ ಬರುತ್ತಿದ್ದರು. ಎರಡೂವರೆಗೆ ಹನ್ನೆರಡನೆಯವರು ಹೊರಬಂದರು. ಹದಿಮೂರನೆಯವರು ಆ ಸೋಮವಾರಪೇಟೆಯ ಮುದುಕಿ, ಪಾಪೆ ಬೇಗ ಅಗಲವಾಗದೆ ಹಿಂದೆ ಬಿದ್ದಿದ್ದರು. ಅವರ ಪೊರೆ ಗಟ್ಟಿಯಾಗಿತ್ತಂತೆ, ತಡವಾಯಿತು. ಅವರು ಬಂದಾಗ ಮೂರೂಕಾಲು ಗಂಟೆ. ಡಾಕ್ಟರು ಗ್ಲೌಸ್ ತೆಗೆಯುತ್ತಾ ಬಂದು, ಮೈಸೂರಿನಲ್ಲಿ ಒಬ್ಬರ ಕಣ್ಣಿಗೆ ಏಟು ಬಿದ್ದಿದೆ, ಈಗಲೇ ಹೊರಡಬೇಕು ಎಂದರು. ಬೆಂಚಿನಲ್ಲಿ ಅತ್ತೆ ಒಬ್ಬರೇ ಕೂತಿದ್ದರು, ಕಣ್ಣು ಮುಚ್ಚಿಕೊಂಡು, ಕೈ ಮಡಿಲಲ್ಲಿಟ್ಟುಕೊಂಡು. ಡಾಕ್ಟರು ಅವರ ಎದುರು ಕುಕ್ಕರಗಾಲಲ್ಲಿ ಕೂತು, "ಅಮ್ಮಾ, ಮುಂದಿನ ಬುಧವಾರ ಮೊದಲು ನಿಮ್ಮದೇ. ಬರ್ತೀರಲ್ಲ?" ಎಂದು ಕೇಳಿದರು.

ಅತ್ತೆ ಬೆಂಚಿನ ಮೇಲೆ ಕೈಯಾಡಿಸಿ ತಮ್ಮ ಚೀಲ ತಡಕಿದರು.

ಭಾಯಿ ನಮ್ಮನ್ನು ಜೀಪಿನಲ್ಲಿ ಮನೆಗೆ ಬಿಟ್ಟರು. ಹನಿ ಹಾಕಿದ ಕಣ್ಣಿಗೆ ಬಿಸಿಲು ಚುಚ್ಚುತ್ತದೆ ಎಂದು ಅತ್ತೆ ಸೆರಗು ಮುಖದ ಮೇಲೆ ಎಳೆದುಕೊಂಡಿದ್ದರು. ಭಾಯಿ ನಗಿಸಲು ನೋಡಿದರು: "ಏನಜ್ಜಿ, ಹೊಸ ಮದುಮಗಳ್ ಥರ ಮುಸುಕು?" ಅತ್ತೆ ಮುಸುಕಿನೊಳಗಿನಿಂದಲೇ, "ನೀನ್ ರಸ್ತೆ ನೋಡು ಸಾಬ. ನಂಗಂತೂ ಕಾಣಲ್ಲ, ನಿಂಗಾದ್ರೂ ಕಾಣ್ಲಿ" ಎಂದರು.

ಆ ವಾರ ಆಸ್ಪತ್ರೆಯಲ್ಲಿ ಒಂದು ಹೊಸ ಪದ್ಧತಿ ಶುರುವಾಯಿತು, ನಾನು ಬಿಡುವವರೆಗೂ ನಡೆಯಿತು. ಸಿಸ್ಟರ್ ಬೆಳಿಗ್ಗೆ ನಮ್ಮನ್ನೆಲ್ಲ ಆ ಬಟ್ಟೆ ಕುದಿಸುವ ಕೋಣೆಗೆ ಕರೆಯುತ್ತಿದ್ದಳು. ಹೊಸದು ಏನು ತಂದರೂ ಮೊದಲು ನಮ್ಮ ಮೈಮೇಲೆ ಹಾಕಿ ನೋಡುವುದು. ಆಮೇಲೆ ಒಬ್ಬೊಬ್ಬರೂ ಹೇಳಬೇಕು: ನಿಮ್ಮ ಮನೆಯ ಅಜ್ಜಿ ಇದಕ್ಕೆ ಏನನ್ನುತ್ತಾರೆ? ಗೊತ್ತಿಲ್ಲ ಎನ್ನುವ ಹಾಗಿಲ್ಲ. ನನ್ನ ಸರದಿಯನ್ನು ಮೊದಲಿಗೇ ಇಟ್ಟಳು, ಕೊನೆಗಿಟ್ಟರೆ ನಾನು ಎಲ್ಲರೂ ಹೇಳಿದ್ದೇ ಎಂದು ತಪ್ಪಿಸಿಕೊಳ್ಳುತ್ತೇನೆ ಎಂದು ಅವಳಿಗೆ ಗೊತ್ತಾಗಿತ್ತು. ಕಣ್ಣಿನ ಮೇಲೆ ಹೊದಿಸುವ ಬಟ್ಟೆ ಬಿಳಿ ಬೇಡ, ಹೆಣಕ್ಕೆ ಹೊದಿಸಿದ ಹಾಗೆ ಕಾಣುತ್ತದೆ ಎಂದು ನಾನು ಹೇಳಿದ್ದು ಅಲ್ಲೇ. ಬೆಳಿಗ್ಗೆ ಉಪವಾಸ ಎಂದು ಹೇಳುವಾಗ ನೀರು ಕುಡಿಯಬಹುದು ಎಂದು ಬಿಡಿಸಿ ಹೇಳಬೇಕು, ನಮ್ಮವರು ಉಪವಾಸ ಎಂದರೆ ಗುಟುಕು ನೀರೂ ಮುಟ್ಟುವುದಿಲ್ಲ ಎಂದು ಭಾಯಿ ಹೇಳಿದರು. ಈಗ ನೀವು ನೋಡಿದ ಆ ಕೈಪಟ್ಟಿ, ಆ ಮೂರು ಸಲ ಕೇಳುವುದು, ಅದೆಲ್ಲ ಎಲ್ಲ ಊರಿನಲ್ಲೂ ಇದೆಯಂತೆ. ಆ ಕೋಣೆಯ ಕಾಲು ಗಂಟೆ ಎಲ್ಲ ಊರಿನಲ್ಲೂ ಇದೆಯೋ ಇಲ್ಲವೋ ನನಗೆ ತಿಳಿಯದು. ಆ ದಿನಗಳನ್ನು ನೆನೆದರೆ ಬಟ್ಟೆ ಕುದಿಯುವ ಹಬೆಯಲ್ಲಿ ನಾಲ್ಕು ಜನ ನಿಂತು ತಂತಮ್ಮ ಅಜ್ಜಿಯರ ಬಗ್ಗೆ ಮಾತಾಡುತ್ತಿದ್ದುದೇ ಮೊದಲು ಕಾಣುತ್ತದೆ.

ಮನೆಯಲ್ಲಿ ಮಾತ್ರ ನಾನು ಆಪರೇಷನ್ ಮಾತು ಎತ್ತಲಿಲ್ಲ. ಮತ್ತೆ ಕರೆಯಬೇಡ ಎಂದಿದ್ದರಲ್ಲ. ಅತ್ತೆ ಎಂದಿನಂತೆ ಶುಂಠಿಯ ರಾಶಿಯ ಮುಂದೆ ಕೂರುತ್ತಿದ್ದರು, ಮೊಳಕೆಯಿಲ್ಲದ ತುಂಡುಗಳು ಎಂದಿನಂತೆ ಬೀಳುತ್ತಿದ್ದವು. ಕೆನ್ನೆಯ ಮೇಲೆ ಪ್ಲಾಸ್ಟರ್ ಹಾಗೇ ಇತ್ತು. ಮೊದಲ ಎರಡು ದಿನ, ಅವರಿಗೆ ಅದು ಮರೆತುಹೋಗಿದೆ ಎಂದುಕೊಂಡೆ. ಮೂರನೇ ದಿನ, "ಅತ್ತೆ, ಅದನ್ನ ತೆಗೀಲಾ?" ಎಂದೆ. ಕೈ ಅಡ್ಡ ಇಟ್ಟು, "ಹೋಗ್ ಕೆಲ್ಸ ನೋಡು" ಎಂದರು. ಅವರು ಬಚ್ಚಲಿನಲ್ಲಿ ಮುಖ ತೊಳೆಯುವುದನ್ನು ನಿಮ್ಮ ಅಮ್ಮ ನೋಡಿ ಬಂದು ಹೇಳಿದಳು: ಎಡಗೆನ್ನೆಯ ಮೇಲೆ ಒಂದು ಕೈ ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಉಳಿದ ಮುಖವನ್ನಷ್ಟೇ ತೊಳೆಯುತ್ತಾರಂತೆ.

ಮಂಗಳವಾರ ಮಧ್ಯಾಹ್ನ ಭಾಯಿಯ ಜೀಪು ನಮ್ಮ ದಾರಿಯಲ್ಲಿ ಬಂದಾಗ ಅತ್ತೆ ಒಗೆದ ಸೀರೆ ಉಟ್ಟು, ಕೈಯಲ್ಲಿ ಚೀಲ ಹಿಡಿದು ಬೇಲಿಯ ಹತ್ತಿರ ನಿಂತಿದ್ದರು. ನನಗೆ ಹೇಳಿರಲೇ ಇಲ್ಲ. ಅಂಗಡಿ ಬೀದಿಯವರು ಯಾರೋ ಕೆನ್ನೆಗೇನಾಯಿತು ಎಂದು ಕೇಳಿದ್ದಕ್ಕೆ, "ಇದ್ ಕಿತ್ರೆ ಯಾವ್ ಕಣ್ಣು ಅಂತ ನನ್ ಸೊಸೆಗೆ ಗೊತ್ತಾಗಲ್ಲ. ಮತ್ತೆ ಎಲ್ಲಾರ್ ಮುಂದೆ ಬೈಸ್ಕೋತಾಳೆ" ಎಂದಿದ್ದರಂತೆ.

ಆಸ್ಪತ್ರೆಯಲ್ಲಿ ಸಿಸ್ಟರ್ ಅವರ ಕೆನ್ನೆ ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಪ್ಲಾಸ್ಟರಿನ ಅಂಚು ಸುತ್ತ ಮಣ್ಣು ಹಿಡಿದು ಕಪ್ಪಾಗಿತ್ತು, ಒಂದು ಮೂಲೆ ಎದ್ದಿತ್ತು. ಇದನ್ನು ತೆಗೆದು ಹೊಸದು ಹಾಕಬೇಕು ಅಜ್ಜಿ, ಆಪರೇಷನ್ನಿಗೆ ಮುಖ ಶುದ್ಧವಾಗಿರಬೇಕು ಎಂದು ಕೈ ಚಾಚಿದಳು. ಅತ್ತೆ ಮುಖ ಹಿಂದೆ ಎಳೆದುಕೊಂಡರು.

"ಅವ್ಳು ತೆಗೀಲಿ" ಎಂದರು.

ನಾನು ಹತ್ತಿಯನ್ನು ಬಿಸಿನೀರಿನಲ್ಲಿ ಅದ್ದಿ, ಪ್ಲಾಸ್ಟರಿನ ಅಂಚನ್ನು ನೆನೆಸಿ, ನೋಯದ ಹಾಗೆ ನಿಧಾನವಾಗಿ ಬಿಡಿಸಿದೆ. ಅವರು ಅಲ್ಲಾಡಲಿಲ್ಲ. ಕೆಳಗಿನ ಚರ್ಮ ಬೆಳ್ಳಗೆ, ನೆರಿಗೆ ನೆರಿಗೆಯಾಗಿತ್ತು. ಅದೇ ಜಾಗಕ್ಕೆ ಹೊಸದನ್ನು ಅಂಟಿಸಿದೆ. ಮರುದಿನ ಬೆಳಿಗ್ಗೆ ಡಾಕ್ಟರು ಒಳಗೆ ಕರೆದ ಮೊದಲ ಹೆಸರು ಅವರದು.